ಪ್ರಾಥಮಿಕ ಶಾಲೆಯ ಮಕ್ಕಳಿಗೆ ತತ್ತ್ವಚಿಂತನೆ: ಮಿಶ್ರ ಪಠ್ಯಕ್ರಮವನ್ನು ರೂಪಿಸುವ ಬಗೆ

ಪ್ರಾಥಮಿಕ ಶಾಲೆಯ ಮಕ್ಕಳಿಗಾಗಿ ತತ್ತ್ವಚಿಂತನೆಯ ಪಠ್ಯಕ್ರಮವೊಂದನ್ನು ರೂಪಿಸಲು ಹೊರಟವರು ಎಲ್ಲಕ್ಕಿಂತ ಮೊದಲು ಬಗೆಹರಿಸಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಮಕ್ಕಳು ಎದುರುಬದುರು ಕೂತೇ ಮಾಡಬೇಕಾದ ಕೆಲಸ ಯಾವುದು, ಮನೆಯಲ್ಲಿ ಅಥವಾ ಪರದೆಯ ಮುಂದೆ ಮಗು ತಾನೊಬ್ಬನೇ ಮಾಡಬಹುದಾದ ಕೆಲಸ ಯಾವುದು? ಮಿಶ್ರ ಕಲಿಕೆ ಎಂಬ ಹೆಸರಿನಲ್ಲಿ ಸಾಮಾನ್ಯವಾಗಿ ಪಾಠದ ವಿಡಿಯೊಗಳನ್ನೂ ಬಹುಆಯ್ಕೆಯ ಪ್ರಶ್ನೆಗಳನ್ನೂ ಆನ್‌ಲೈನಿಗೆ ಹಾಕಿ, ಉಳಿದದ್ದನ್ನು ತರಗತಿಗೆ ಬಿಡುತ್ತಾರೆ. ಗುಣಾಕಾರದ ಅಭ್ಯಾಸಕ್ಕೆ ಅದು ಸರಿಹೋದೀತು. ತತ್ತ್ವಚಿಂತನೆಗೆ ಅದು ಒಗ್ಗುವುದಿಲ್ಲ, ಏಕೆಂದರೆ ಇಲ್ಲಿ ಮಕ್ಕಳ ಮಾತುಕತೆಯೇ ಪಾಠ. ಆದ್ದರಿಂದ ನನ್ನ ನಿಲುವು ಇಷ್ಟು: ಸಂವಾದ ಮುಖಾಮುಖಿಯಾಗಿಯೇ ನಡೆಯಬೇಕು; ಅದಕ್ಕೆ ಮುನ್ನ ಬೇಕಾಗುವ ಕತೆ ಮತ್ತು ಮೊದಲ ಪ್ರತಿಕ್ರಿಯೆ, ಅದರ ಅನಂತರ ಬೇಕಾಗುವ ಮರುಚಿಂತನೆ, ಇವೆರಡನ್ನು ತರಗತಿಯ ಹೊರಗೆ ಇಡಬೇಕು. ಮುಂದಿನ ಎಲ್ಲ ತೀರ್ಮಾನಗಳೂ ಈ ವಿಂಗಡಣೆಯಿಂದಲೇ ಹೊರಡುತ್ತವೆ.

ಮಕ್ಕಳೊಂದಿಗೆ ತತ್ತ್ವಚಿಂತನೆ ನಡೆಸುವ ಕ್ರಮ ಹೊಸದೇನಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದ ಮ್ಯಾಥ್ಯೂ ಲಿಪ್‌ಮನ್, ಕಾಲೇಜಿಗೆ ಬರುವ ಹೊತ್ತಿಗೆ ವಿದ್ಯಾರ್ಥಿಗಳ ಯೋಚನೆಯ ರೂಢಿಗಳನ್ನು ತಿದ್ದುವುದು ತಡವಾಗಿರುತ್ತದೆ ಎಂದು ಮನಗಂಡು, 1974ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಮಾಂಟ್‌ಕ್ಲೇರ್‌ನಲ್ಲಿ ಇದಕ್ಕೆಂದೇ ಒಂದು ಸಂಸ್ಥೆಯನ್ನು ಆರಂಭಿಸಿದರು. ಆನ್ ಮಾರ್ಗರೆಟ್ ಶಾರ್ಪ್ ಅವರ ಜೊತೆ ಸೇರಿ ಅವರು ಬೆಳೆಸಿದ ವಿಧಾನದಲ್ಲಿ ತರಗತಿಯೇ ಒಂದು ವಿಚಾರಣಾ ಸಮುದಾಯವಾಗುತ್ತದೆ: ಮಕ್ಕಳು ವೃತ್ತಾಕಾರವಾಗಿ ಕೂತು, ಒಂದು ಕತೆಯನ್ನು ಓದಿ, ತಾವೇ ಪ್ರಶ್ನೆಗಳನ್ನು ಎತ್ತಿ, ಒಂದನ್ನು ಆರಿಸಿಕೊಂಡು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತು ಕಟ್ಟುತ್ತಾ ಹೋಗುತ್ತಾರೆ. ಅಮೂರ್ತ ಚಿಂತನೆ ಸುಮಾರು ಹನ್ನೊಂದು ವರ್ಷದ ಅನಂತರವೇ ಪಕ್ವವಾಗುತ್ತದೆ ಎಂಬ ಮನಶ್ಶಾಸ್ತ್ರಜ್ಞ ಪಿಯಾಜೆಯ ಸಿದ್ಧಾಂತವನ್ನು ಮುಂದಿಟ್ಟು, ಚಿಕ್ಕ ಮಕ್ಕಳಿಗೆ ಇದೆಲ್ಲ ಸಾಧ್ಯವೇ ಎಂದು ಕೇಳುವವರಿದ್ದಾರೆ. ಗ್ಯಾರೆತ್ ಮ್ಯಾಥ್ಯೂಸ್ ಎಂಬ ತತ್ತ್ವಶಾಸ್ತ್ರಜ್ಞರು ಚಿಕ್ಕ ಮಕ್ಕಳು ತಾವಾಗಿಯೇ ಕೇಳಿದ ಪ್ರಶ್ನೆಗಳನ್ನು ಸಂಗ್ರಹಿಸಿ, 1980ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಈ ಆಕ್ಷೇಪಕ್ಕೆ ಉತ್ತರ ಕೊಟ್ಟಿದ್ದಾರೆ. ಇದೆಲ್ಲ ಕನಸಲ್ಲ ಎಂದು ನಮಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳುವ ಆರು ವರ್ಷದ ಮಗುವಿಗೆ ಪರಿಭಾಷೆ ಗೊತ್ತಿರುವುದಿಲ್ಲ, ಅಷ್ಟೇ. ಪ್ರಶ್ನೆ ಮಾತ್ರ ಪೂರ್ಣ ಪ್ರಮಾಣದ್ದೇ ಆಗಿರುತ್ತದೆ.

ಯಾವ ಪ್ರಶ್ನೆಗಳನ್ನು ಆರಿಸಬೇಕು

ಪಠ್ಯಕ್ರಮದ ಬೆನ್ನೆಲುಬು ಪ್ರಶ್ನೆಗಳೇ ಹೊರತು ತತ್ತ್ವಜ್ಞಾನಿಗಳ ಹೆಸರುಗಳಲ್ಲ. ಒಂದು ಪ್ರಶ್ನೆಯನ್ನು ಘಟಕಕ್ಕೆ ಸೇರಿಸಿಕೊಳ್ಳುವ ಮುನ್ನ ಅದನ್ನು ಮೂರು ರೀತಿಯಲ್ಲಿ ಪರೀಕ್ಷಿಸಿ ನೋಡಬೇಕು. ಪುಸ್ತಕ ತೆರೆದೋ ಅಳೆದೋ ಎಣಿಸಿಯೋ ಉತ್ತರ ಸಿಗುವಂತಿದ್ದರೆ ಅದು ಮಾಹಿತಿಯ ಪ್ರಶ್ನೆ. ಶಿಕ್ಷಕರ ಮನಸ್ಸಿನಲ್ಲಿ ಮೊದಲೇ ಒಂದು ಸರಿಯುತ್ತರ ಸಿದ್ಧವಾಗಿದ್ದು ಮಕ್ಕಳು ಅದನ್ನು ಊಹಿಸಬೇಕಾಗಿದ್ದರೆ ಅದು ನೀತಿಪಾಠ. ನಿನಗೆ ಯಾವುದು ಇಷ್ಟ ಎಂಬಲ್ಲಿಗೆ ಮುಗಿದುಹೋಗುವಂತಿದ್ದರೆ ಅದು ಅಭಿರುಚಿಯ ಪ್ರಶ್ನೆ. ಈ ಮೂರೂ ಅಲ್ಲದೆ, ಕಾರಣ ಕೊಟ್ಟು ವಾದಿಸಬಹುದಾದ, ಕಾರಣಗಳಲ್ಲಿ ಉತ್ತಮವಾದದ್ದೂ ದುರ್ಬಲವಾದದ್ದೂ ಇರಬಹುದಾದ ಪ್ರಶ್ನೆಯೇ ನಮಗೆ ಬೇಕಾದದ್ದು. ‘ಸುಳ್ಳು ಹೇಳುವುದು ತಪ್ಪೇ?’ ಎಂದು ಕೇಳಿದರೆ ಇಡೀ ತರಗತಿ ಒಕ್ಕೊರಲಿನಿಂದ ‘ತಪ್ಪು’ ಎನ್ನುತ್ತದೆ, ಚರ್ಚೆ ಅಲ್ಲಿಗೆ ನಿಲ್ಲುತ್ತದೆ. ‘ಒಬ್ಬನು ಹೇಳಿದ ಮಾತು ನಿಜವೇ ಆಗಿದ್ದು, ಅವನು ಮಾತ್ರ ಅದು ಸುಳ್ಳೆಂದುಕೊಂಡು ಹೇಳಿದ್ದರೆ, ಅವನು ಸುಳ್ಳು ಹೇಳಿದಂತಾಯಿತೇ?’ ಎಂದು ಕೇಳಿದರೆ ಅದೇ ಮಕ್ಕಳು ಎರಡು ಬಣವಾಗಿ, ಸುಳ್ಳು ಇರುವುದು ಮಾತಿನಲ್ಲೋ ಉದ್ದೇಶದಲ್ಲೋ ಎಂಬುದನ್ನು ತಾವೇ ಬಿಡಿಸತೊಡಗುತ್ತಾರೆ.

ವಯಸ್ಸಿಗೆ ತಕ್ಕಂತೆ ವಿಷಯಗಳನ್ನು ಹಂಚುವಾಗ, ಒಂದು ತರಗತಿಯಲ್ಲಿ ಮುಗಿಸಿದ ವಿಷಯವನ್ನು ಮತ್ತೆ ಮುಟ್ಟಬಾರದು ಎಂಬ ಅಭ್ಯಾಸವನ್ನು ಬಿಡಬೇಕು. ಒಂದೇ ವಿಚಾರಕ್ಕೆ ಹೆಚ್ಚು ಆಳದಲ್ಲಿ ಮತ್ತೆ ಮತ್ತೆ ಮರಳುವ ಸುರುಳಿಯಾಕಾರದ ಪಠ್ಯಕ್ರಮವನ್ನು ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರಲ್ಲಿಯೇ ಪ್ರತಿಪಾದಿಸಿದ್ದರು. ತತ್ತ್ವಚಿಂತನೆಗೆ ಇದಕ್ಕಿಂತ ಸಹಜವಾದ ವಿನ್ಯಾಸ ಮತ್ತೊಂದಿಲ್ಲ. ನ್ಯಾಯ ಎಂಬ ವಿಚಾರವನ್ನೇ ತೆಗೆದುಕೊಳ್ಳೋಣ. ಆರೇಳು ವರ್ಷದವರು ಸಮಪಾಲಿನ ಬಗ್ಗೆ ಮಾತನಾಡಬಲ್ಲರು: ಎಲ್ಲರಿಗೂ ಒಂದೇ ಅಳತೆಯ ಅಂಗಿ ಕೊಟ್ಟರೆ ಅದು ನ್ಯಾಯವೇ? ಎಂಟೊಂಬತ್ತು ವರ್ಷದವರು ಅಗತ್ಯ ಮತ್ತು ಅರ್ಹತೆಯ ನಡುವಿನ ಜಗ್ಗಾಟವನ್ನು ಗುರುತಿಸಬಲ್ಲರು. ಹತ್ತು ಹನ್ನೊಂದರ ಹೊತ್ತಿಗೆ ನಿಯಮವನ್ನು ಮಾಡುವ ಹಕ್ಕು ಯಾರದು, ಅನ್ಯಾಯದ ನಿಯಮವನ್ನು ಪಾಲಿಸಬೇಕೇ ಎಂಬಲ್ಲಿಗೆ ಅವರನ್ನು ಕರೆದೊಯ್ಯಬಹುದು. ನಿಜ ಮತ್ತು ತೋರಿಕೆ, ಅದೇ ಮತ್ತು ಬೇರೆ, ತಿಳಿವು ಮತ್ತು ನಂಬಿಕೆ, ಸ್ನೇಹ, ಸ್ವಾತಂತ್ರ್ಯ ಇವುಗಳನ್ನೂ ಹೀಗೆಯೇ ಹಿಗ್ಗಿಸಿಕೊಳ್ಳಬಹುದು. ವರ್ಷಕ್ಕೆ ಐದಾರು ವಿಚಾರಗಳು ಸಾಕು. ಇಪ್ಪತ್ತು ವಿಚಾರಗಳ ಪಟ್ಟಿ ಕಡತದಲ್ಲಿ ಚೆಂದ ಕಾಣುತ್ತದೆ, ತರಗತಿಯಲ್ಲಿ ಮಾತ್ರ ಯಾವುದೂ ಬೇರೂರುವುದಿಲ್ಲ.

ಒಂದು ಘಟಕವನ್ನು ಹತ್ತಿರದಿಂದ ನೋಡುವುದು

ಒಂಬತ್ತು ಹತ್ತು ವರ್ಷದ ಮಕ್ಕಳಿಗಾಗಿ, ಬದಲಾಗುತ್ತಾ ಹೋದರೂ ಒಂದು ವಸ್ತು ಅದೇ ಆಗಿ ಉಳಿಯುತ್ತದೆಯೇ ಎಂಬ ಪ್ರಶ್ನೆಯ ಮೇಲೆ ಮೂರು ವಾರಗಳ ಘಟಕವೊಂದನ್ನು ರೂಪಿಸುವುದಾದರೆ ಅದು ಹೀಗಿರಬಹುದು. ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿಟ್ಟಿರುವ ಥೀಸಿಯಸ್‌ನ ಹಡಗಿನ ಪ್ರಸಂಗ ಇದಕ್ಕೆ ಹೇಳಿ ಮಾಡಿಸಿದಂತಿದೆ: ಅಥೆನ್ಸಿನವರು ವೀರನ ಹಡಗನ್ನು ಕಾಪಾಡಿಕೊಳ್ಳುತ್ತಾ, ಕೊಳೆತ ಹಲಗೆಗಳನ್ನು ತೆಗೆದು ಹೊಸದನ್ನು ಜೋಡಿಸುತ್ತಾ ಹೋಗುತ್ತಾರೆ; ಕೊನೆಗೆ ಉಳಿದಿರುವುದು ಅದೇ ಹಡಗೇ?

ಮೊದಲ ಹಂತ ಮನೆಯಲ್ಲಿ. ಮೂರು ನಾಲ್ಕು ನಿಮಿಷದ ಆಡಿಯೊ ಕತೆಯನ್ನು ಮಗು ಕೇಳುತ್ತದೆ, ಕೇಳಿದ ಮೇಲೆ ತನ್ನ ಅಭಿಪ್ರಾಯವನ್ನೂ ಅದಕ್ಕೊಂದು ಕಾರಣವನ್ನೂ ಧ್ವನಿಮುದ್ರಿಸಿ ಶಿಕ್ಷಕರಿಗೆ ಕಳಿಸುತ್ತದೆ. ವಿಡಿಯೊಗಿಂತ ಆಡಿಯೊ ಒಳ್ಳೆಯದೆಂದು ನಾನು ಹೇಳುವುದಕ್ಕೆ ಕಾರಣವಿದೆ: ಚಿತ್ರವಿದ್ದರೆ ಹಡಗು ಹೇಗಿತ್ತೆಂಬುದು ನಿಶ್ಚಯವಾಗಿಬಿಡುತ್ತದೆ, ಮಗು ಅದನ್ನು ಕಟ್ಟಿಕೊಳ್ಳುವುದಿಲ್ಲ. ಬರೆಯಲು ತಡವರಿಸುವ ಮಗುವಿಗೂ ಗುಂಪಿನಲ್ಲಿ ಬಾಯಿ ಬಿಡದ ಮಗುವಿಗೂ ಧ್ವನಿಮುದ್ರಣ ಸಮಾನ ಅವಕಾಶ ಕೊಡುತ್ತದೆ. ತಂತ್ರಜ್ಞಾನದಿಂದ ಈ ವಿಷಯಕ್ಕೆ ಆಗುವ ಬಹುದೊಡ್ಡ ಉಪಕಾರ ಇದೇ. ಇಂಟರ್ನೆಟ್ ಇಲ್ಲದ ಕಡೆ ಅದೇ ಕತೆಯನ್ನು ಒಂದು ಪುಟದಲ್ಲಿ ಮುದ್ರಿಸಿ ಕಳಿಸಿ, ಉತ್ತರಕ್ಕೆ ಎರಡು ಗೆರೆ ಬಿಟ್ಟರೂ ವಿನ್ಯಾಸ ಕೆಡುವುದಿಲ್ಲ. ಶಿಕ್ಷಕರು ತರಗತಿಗೆ ಮುನ್ನ ಈ ಪ್ರತಿಕ್ರಿಯೆಗಳನ್ನೆಲ್ಲ ಕೇಳಿಸಿಕೊಂಡು, ಪರಸ್ಪರ ಡಿಕ್ಕಿ ಹೊಡೆಯುವ ಎರಡು ಕಾರಣಗಳನ್ನು ಗುರುತು ಹಾಕಿಕೊಳ್ಳುತ್ತಾರೆ. ಪ್ರತಿಕ್ರಿಯೆಗೆ ಅಂಕವಿಲ್ಲ, ತಿದ್ದುಪಡಿಯೂ ಇಲ್ಲ.

ಎರಡನೆಯ ಹಂತ ತರಗತಿಯ ವೃತ್ತ, ಒಂದು ಅವಧಿ. ಸಂವಾದ ಹೀಗೆ ಸಾಗುತ್ತದೆ ಎಂದುಕೊಳ್ಳೋಣ. ಒಬ್ಬ ಹುಡುಗ ‘ಹೆಸರು ಅದೇ ಇದೆಯಲ್ಲ, ಅದಕ್ಕೇ ಅದೇ ಹಡಗು’ ಎನ್ನುತ್ತಾನೆ. ಒಬ್ಬ ಹುಡುಗಿ ‘ನನ್ನ ಹೆಸರು ಬದಲಾಯಿಸಿದರೂ ನಾನು ನಾನೇ ಅಲ್ಲವಾ? ಹಾಗಾದರೆ ಹೆಸರಿಗೂ ಇದಕ್ಕೂ ಸಂಬಂಧ ಇಲ್ಲ’ ಎನ್ನುತ್ತಾಳೆ. ಮೂರನೆಯ ಮಗು ‘ಒಂದೊಂದೇ ಹಲಗೆ ಬದಲಾಯಿಸಿದರೆ ಅದೇ ಹಡಗು, ಎಲ್ಲ ಒಂದೇ ದಿನ ಬದಲಾಯಿಸಿದರೆ ಬೇರೆ ಹಡಗು’ ಎನ್ನುತ್ತದೆ. ಇಲ್ಲಿ ಶಿಕ್ಷಕರು ಏನು ಮಾಡುತ್ತಾರೆ ಎಂಬುದರ ಮೇಲೆ ಇಡೀ ಅವಧಿಯ ಭವಿಷ್ಯ ನಿಂತಿದೆ. ‘ಶಭಾಷ್, ಎಷ್ಟು ಚೆನ್ನಾಗಿ ಹೇಳಿದೆ’ ಎಂದರೆ ಉಳಿದವರು ಸರಿಯುತ್ತರ ಸಿಕ್ಕಿತೆಂದು ತಿಳಿದು ಸುಮ್ಮನಾಗುತ್ತಾರೆ. ‘ಅಂದರೆ ಎಷ್ಟು ನಿಧಾನವಾಗಿ ಬದಲಾಯಿಸುತ್ತೇವೆ ಎಂಬುದು ಮುಖ್ಯ ಅನ್ನುತ್ತೀಯಾ? ಈ ಮಾತಿಗೆ ಒಪ್ಪದವರು ಇದ್ದೀರಾ?’ ಎಂದರೆ, ‘ಹಾಗಾದರೆ ಎರಡು ದಿನದಲ್ಲಿ ಬದಲಾಯಿಸಿದರೆ?’ ಎಂಬ ಮುಂದಿನ ಪ್ರಶ್ನೆ ಮಕ್ಕಳ ಕಡೆಯಿಂದಲೇ ಬರುತ್ತದೆ. ಮಗುವಿನ ಮಾತಿನೊಳಗಿರುವ ತತ್ತ್ವವನ್ನು ಹೊರತೆಗೆದು ಎಲ್ಲರ ಮುಂದೆ ಇಡುವುದು, ಅದನ್ನು ಪರೀಕ್ಷಿಸಲು ಉಳಿದವರನ್ನು ಕರೆಯುವುದು, ಸುಗಮಕಾರರ, ಅಂದರೆ ಸಂವಾದ ನಡೆಸುವ ಶಿಕ್ಷಕರ, ಕೆಲಸ ಇಷ್ಟೇ, ಮತ್ತು ಇದು ತುಂಬ ಕಷ್ಟದ ಕೆಲಸ.

ಚರ್ಚೆ ತಣ್ಣಗಾದರೆ ಬಳಸಿಕೊಳ್ಳಲು ಒಂದು ತಿರುವನ್ನು ಕೈಯಲ್ಲಿಟ್ಟುಕೊಂಡಿರಬೇಕು. 1655ರಲ್ಲಿ ಇಂಗ್ಲಿಷ್ ತತ್ತ್ವಜ್ಞಾನಿ ಥಾಮಸ್ ಹಾಬ್ಸ್ ಇದೇ ಒಗಟಿಗೆ ಒಂದು ಎಳೆ ಸೇರಿಸಿದ: ತೆಗೆದ ಹಳೆಯ ಹಲಗೆಗಳನ್ನೆಲ್ಲ ಯಾರೋ ಕೂಡಿಟ್ಟು, ಅದೇ ಕ್ರಮದಲ್ಲಿ ಜೋಡಿಸಿ ಎರಡನೆಯ ಹಡಗು ಕಟ್ಟಿದರೆ, ಎರಡರಲ್ಲಿ ಯಾವುದು ಥೀಸಿಯಸ್‌ನದು? ಅದುವರೆಗೆ ‘ನಿಧಾನವಾಗಿ ಬದಲಾದರೆ ಅದೇ’ ಎನ್ನುತ್ತಿದ್ದ ಮಗು ಇಲ್ಲಿ ತಡೆದು ನಿಲ್ಲುತ್ತದೆ. ಆ ತಡೆಯನ್ನು ಶಿಕ್ಷಕರು ಮಾತಿನಿಂದ ತುಂಬಬಾರದು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರಗಳು ಉದ್ದವಾಗಿ, ಹೆಚ್ಚು ಸಕಾರಣವಾಗಿ ಬರುತ್ತವೆಂದೂ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟಿದ್ದಾರೆ. ತತ್ತ್ವಚಿಂತನೆಯ ಅವಧಿಯಲ್ಲಿ ಇನ್ನೂ ಹೆಚ್ಚು ಹೊತ್ತು ಕಾದರೂ ನಷ್ಟವಿಲ್ಲ.

ಮೂರನೆಯ ಹಂತ ಮತ್ತೆ ಮನೆಯಲ್ಲಿ. ಮಗು ತನ್ನ ಮೊದಲ ಧ್ವನಿಮುದ್ರಣವನ್ನು ತಾನೇ ಕೇಳಿಸಿಕೊಂಡು, ‘ಈಗಲೂ ನಾನು ಹಾಗೆಯೇ ಯೋಚಿಸುತ್ತೇನೆಯೇ? ಬದಲಾಗಿದ್ದರೆ ಯಾರ ಮಾತಿನಿಂದ ಬದಲಾಯಿತು?’ ಎಂಬ ಎರಡು ಪ್ರಶ್ನೆಗಳಿಗೆ ಉತ್ತರಿಸುತ್ತದೆ. ತನ್ನ ಹಳೆಯ ಅಭಿಪ್ರಾಯವನ್ನು ತನ್ನದೇ ದನಿಯಲ್ಲಿ ಕೇಳಿ, ಅದರಿಂದ ತಾನು ಎಷ್ಟು ದೂರ ಬಂದೆ ಎಂದು ಅಳೆಯುವ ಅವಕಾಶ ಬರೀ ತರಗತಿಯಲ್ಲಿ ಸಿಗಲಾರದು. ಮಿಶ್ರ ಪಠ್ಯಕ್ರಮಕ್ಕಾಗಿ ಶ್ರಮಪಡುವುದು ಸಾರ್ಥಕ ಎಂದು ನನಗನ್ನಿಸುವುದು ಮುಖ್ಯವಾಗಿ ಈ ಹಂತಕ್ಕಾಗಿ.

ಉಳಿದ ಎರಡು ವಾರಗಳಲ್ಲಿ ಪ್ರಶ್ನೆಯನ್ನು ವಸ್ತುವಿನಿಂದ ಮನುಷ್ಯನೆಡೆಗೆ ತಿರುಗಿಸಬೇಕು. ಬೌದ್ಧ ಭಿಕ್ಷು ನಾಗಸೇನನು ಮಿಲಿಂದ ರಾಜನನ್ನು ಕೇಳುವ ರಥದ ಪ್ರಶ್ನೆ (ಚಕ್ರವೇ ರಥವೇ, ಅಚ್ಚೇ ರಥವೇ, ಇವೆಲ್ಲ ಅಲ್ಲವಾದರೆ ರಥವೆಲ್ಲಿದೆ?) ಈ ಸೇತುವೆಗೆ ಬಹಳ ಚೆನ್ನಾಗಿ ಒದಗುತ್ತದೆ, ಏಕೆಂದರೆ ನಾಗಸೇನನು ಅದನ್ನು ಎತ್ತುವುದೇ ‘ನಾನು’ ಎಂಬುದರ ಬಗ್ಗೆ ಮಾತನಾಡಲು.

ಬೇರೆ ಪಾಠಗಳೊಂದಿಗೆ ಬೆಸೆಯುವುದು

ವೇಳಾಪಟ್ಟಿಯಲ್ಲಿ ಹೊಸ ವಿಷಯಕ್ಕೆ ಜಾಗವಿಲ್ಲ ಎಂಬ ಮಾತು ಎಲ್ಲ ಶಾಲೆಗಳಲ್ಲೂ ಕೇಳಿಬರುತ್ತದೆ. ವಾರಕ್ಕೊಂದು ಅವಧಿಯನ್ನು ಸಂವಾದಕ್ಕೆಂದೇ ಮೀಸಲಿಡದೆ ಈ ಪಠ್ಯಕ್ರಮ ನಡೆಯದು. ಆದರೆ ಉಳಿದ ಕೆಲಸವನ್ನು ಇತರ ಪಾಠಗಳೊಳಗೆ ಹೆಣೆಯಬಹುದು, ಹೆಣೆಯಲೇಬೇಕು. ಹಡಗಿನ ಘಟಕ ನಡೆಯುತ್ತಿರುವಾಗ ವಿಜ್ಞಾನದ ಅವಧಿಯಲ್ಲಿ ದೇಹದ ಜೀವಕೋಶಗಳ ವಿಷಯ ಬಂದರೆ ಚರ್ಚೆಗೆ ಹೊಸ ಆಹಾರ ಸಿಗುತ್ತದೆ. ನಮ್ಮ ಕೆಂಪು ರಕ್ತಕಣಗಳು ಸುಮಾರು 120 ದಿನ ಬಾಳಿ, ಅವುಗಳ ಜಾಗಕ್ಕೆ ಹೊಸವು ಬರುತ್ತವೆ. ಮಿದುಳಿನ ಹೊರಪದರದ ನರಕೋಶಗಳಾದರೋ ಬಹುಪಾಲು ಜೀವನವಿಡೀ ಉಳಿಯುತ್ತವೆ. ಈ ಎರಡನೆಯ ಸಂಗತಿಯನ್ನು ಬಿಟ್ಟು ಮೊದಲನೆಯದನ್ನಷ್ಟೇ ಹೇಳಿ, ಇಡೀ ದೇಹವೇ ಏಳು ವರ್ಷಕ್ಕೊಮ್ಮೆ ಹೊಸದಾಗುತ್ತದೆ ಎಂಬ ಜನಪ್ರಿಯ ತಪ್ಪು ಕಲ್ಪನೆಯನ್ನು ಮಕ್ಕಳ ತಲೆಗೆ ತುಂಬಬಾರದು. ಎರಡನ್ನೂ ಹೇಳಿದಾಗ, ಹಾಗಾದರೆ ನಾನು ನಾನಾಗಿರುವುದು ಮಿದುಳಿನಿಂದಲೇ ಎಂದು ಒಂದು ಮಗು ಕೇಳುತ್ತದೆ, ಮತ್ತು ಆ ಪ್ರಶ್ನೆಗೆ ವಿಜ್ಞಾನದ ಪುಸ್ತಕ ಒಂದೇ ಸಾಲುವುದಿಲ್ಲ ಎಂಬುದು ಎಲ್ಲರಿಗೂ ಕಾಣುತ್ತದೆ.

ಗಣಿತದಲ್ಲಿ ಅತಿ ದೊಡ್ಡ ಸಂಖ್ಯೆ ಇದೆಯೇ ಎಂಬ ಪ್ರಶ್ನೆಯೂ, ಭಾಷೆಯ ಪಾಠದಲ್ಲಿ ಕತೆಯೊಳಗಿನ ಪಾತ್ರಕ್ಕೆ ಯಾವುದು ನಿಜ, ನಮಗೆ ಯಾವುದು ನಿಜ ಎಂಬ ಪ್ರಶ್ನೆಯೂ ಹೀಗೆಯೇ ಸಹಜವಾಗಿ ಏಳುತ್ತವೆ. ವಾದ ಕಟ್ಟುವ ಕ್ರಮವನ್ನು ಕಲಿಸಲು ಭಾರತೀಯ ತರ್ಕಪರಂಪರೆಯಾದ ನ್ಯಾಯದರ್ಶನದ ಪಂಚಾವಯವ ವಾಕ್ಯ, ಅಂದರೆ ಐದು ಭಾಗಗಳ ವಾದಸರಣಿ, ಹತ್ತು ಹನ್ನೊಂದು ವರ್ಷದವರಿಗೆ ನಿಜಕ್ಕೂ ಕೈಗೆಟುಕುತ್ತದೆ. ಬೆಟ್ಟದಲ್ಲಿ ಬೆಂಕಿಯಿದೆ (ಪ್ರತಿಜ್ಞೆ). ಏಕೆಂದರೆ ಹೊಗೆಯಿದೆ (ಹೇತು). ಹೊಗೆಯಿರುವಲ್ಲೆಲ್ಲ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿರುವಂತೆ (ಉದಾಹರಣೆ). ಈ ಬೆಟ್ಟದಲ್ಲೂ ಅಂಥ ಹೊಗೆಯಿದೆ (ಉಪನಯ). ಆದ್ದರಿಂದ ಅಲ್ಲಿ ಬೆಂಕಿಯಿದೆ (ನಿಗಮನ). ಮಕ್ಕಳು ಕಾರಣ ಹೇಳುತ್ತಾರೆ, ಆದರೆ ಆ ಕಾರಣ ಯಾವ ಸಾಮಾನ್ಯ ನಿಯಮವನ್ನು ಆಧರಿಸಿದೆ ಎಂದು ಹೇಳುವುದಿಲ್ಲ. ಮೂರನೆಯ ಅವಯವ ಅದನ್ನು ಹೇಳಿಸುತ್ತದೆ. ಹೊಗೆಯಂತೆ ಕಂಡದ್ದು ಮಂಜಾಗಿದ್ದರೆ ಎಂದು ಒಬ್ಬರು ಕೇಳಿದರಂತೂ ಪ್ರತ್ಯುದಾಹರಣೆಯ ಪಾಠ ತಾನಾಗಿಯೇ ಆರಂಭವಾಗುತ್ತದೆ.

ಎಡವುವ ಜಾಗಗಳು

ಚರ್ಚೆಯ ಕೊನೆಗೆ ‘ಅವರವರ ಅಭಿಪ್ರಾಯ ಅವರವರಿಗೆ ಸರಿ’ ಎಂಬ ಮಾತು ಮಕ್ಕಳ ಬಾಯಿಂದಲೂ, ಅವಧಿ ಮುಗಿಸುವ ಆತುರದಲ್ಲಿ ಶಿಕ್ಷಕರ ಬಾಯಿಂದಲೂ ಬರುತ್ತದೆ. ಇದು ಸಹಿಷ್ಣುತೆಯಂತೆ ಕಂಡರೂ, ಯೋಚನೆಯನ್ನು ಅರ್ಧದಲ್ಲಿ ಕೈಬಿಟ್ಟಂತೆಯೇ. ಯಾರಿಗೂ ಕೊನೆಯ ಉತ್ತರ ಸಿಗದಿದ್ದರೂ ಕೆಲವು ಉತ್ತರಗಳು ಬಿದ್ದುಹೋಗಿವೆ, ಕೆಲವು ಇನ್ನೂ ನಿಂತಿವೆ ಎಂಬುದನ್ನು ಗುರುತಿಸಿ ಹೇಳುವುದು ಬೇಕು. ಅವಧಿಯ ಕೊನೆಯ ಐದು ನಿಮಿಷವನ್ನು ಇದಕ್ಕೆ ಇಡಿ: ಇಂದು ನಾವು ಕೈಬಿಟ್ಟ ಉತ್ತರ ಯಾವುದು, ಏಕೆ ಕೈಬಿಟ್ಟೆವು? ಮೇಲಿನ ಸಂವಾದದಲ್ಲಿ ಹೆಸರಿನ ಉತ್ತರ ಬಿದ್ದುಹೋಯಿತು, ಮತ್ತು ಅದನ್ನು ಬೀಳಿಸಿದ್ದು ಒಬ್ಬ ಸಹಪಾಠಿ.

ಮೂವತ್ತು ನಲವತ್ತು ಮಕ್ಕಳ ವೃತ್ತದಲ್ಲಿ ನಾಲ್ಕೈದು ಮಂದಿಯೇ ಮಾತನಾಡುತ್ತಾರೆ. ಅಂಥಲ್ಲಿ ಒಳವೃತ್ತ ಹೊರವೃತ್ತ ಮಾಡಿ, ಒಳಗಿನವರು ಚರ್ಚಿಸುವಾಗ ಹೊರಗಿನವರಿಗೆ ಒಂದೊಂದು ಗಮನಿಸುವ ಕೆಲಸ ಕೊಟ್ಟು (ಯಾರು ಕಾರಣ ಕೊಟ್ಟರು, ಯಾರು ಇನ್ನೊಬ್ಬರ ಮಾತನ್ನು ಮುಂದುವರಿಸಿದರು), ಅರ್ಧ ಅವಧಿಗೆ ಜಾಗ ಬದಲಾಯಿಸಿದರೆ ಸಾಕು. ಚಿಕ್ಕ ತರಗತಿಗಳಲ್ಲಿ ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚು ಎಳೆಯಬಾರದು.

ಪರದೆಯ ಕಡೆಯಲ್ಲಿ ಬಹಳ ಎಚ್ಚರ ಬೇಕು. ಸಾವು, ದೇವರು, ಕುಟುಂಬದ ನಿಯಮಗಳು, ಭಯ ಇವುಗಳ ಬಗ್ಗೆ ಮಗು ನಂಬಿಕೆಯಿಂದ ಹೇಳಿದ ಮಾತು ಒಂದು ಧ್ವನಿಕಡತವಾಗಿ ಎಲ್ಲೋ ಉಳಿಯುತ್ತದೆ. ಅದನ್ನು ಯಾರು ಕೇಳಬಲ್ಲರು, ಎಷ್ಟು ದಿನ ಇಡಲಾಗುತ್ತದೆ, ಯಾವಾಗ ಅಳಿಸಲಾಗುತ್ತದೆ ಎಂಬುದನ್ನು ಮೊದಲೇ ಬರೆದಿಟ್ಟು ಪೋಷಕರ ಒಪ್ಪಿಗೆ ಪಡೆಯಬೇಕು. ಘಟಕ ಮುಗಿದೊಡನೆ ಅಳಿಸಿಬಿಡುವುದೇ ಉತ್ತಮ. ಒಂದು ಮಗುವಿನ ಧ್ವನಿಮುದ್ರಣವನ್ನು ಅದರ ಅನುಮತಿಯಿಲ್ಲದೆ ತರಗತಿಯಲ್ಲಿ ಕೇಳಿಸಬಾರದು. ಮಕ್ಕಳು ಬರೆದು ವಾದಿಸುವ ಆನ್‌ಲೈನ್ ಚರ್ಚಾಫಲಕವನ್ನು ಈ ವಯಸ್ಸಿನವರಿಗೆ ಇಡದಿರುವುದು ನನ್ನ ಸಲಹೆ: ಎದುರಿನವನ ಮುಖ ಕಾಣದಿದ್ದಾಗ ಅವನ ವಾದವನ್ನು ಒಪ್ಪದಿರುವುದಕ್ಕೂ ಅವನನ್ನೇ ಒಪ್ಪದಿರುವುದಕ್ಕೂ ಇರುವ ಗೆರೆ ಮಕ್ಕಳಿಗೆ ಬೇಗ ಅಳಿಸಿಹೋಗುತ್ತದೆ.

ಪೋಷಕರಿಗೆ ಪ್ರತಿ ಘಟಕದ ಆರಂಭದಲ್ಲಿ ಅರ್ಧ ಪುಟದ ಪತ್ರ ಹೋಗಲಿ. ಈ ವಾರ ಮಗು ಯಾವ ಪ್ರಶ್ನೆಯ ಬಗ್ಗೆ ಯೋಚಿಸುತ್ತಿದೆ, ಶಾಲೆ ಇದರಲ್ಲಿ ಯಾವ ಉತ್ತರವನ್ನೂ ಹೇಳಿಕೊಡುತ್ತಿಲ್ಲ, ಮನೆಯಲ್ಲಿ ದೊಡ್ಡವರು ಉತ್ತರ ಕೊಡುವ ಬದಲು ‘ಯಾಕೆ ಹಾಗನ್ನಿಸುತ್ತೆ?’ ಎಂದು ಕೇಳಿದರೆ ಸಾಕು, ಇಷ್ಟನ್ನು ಸರಳವಾಗಿ ತಿಳಿಸಿದರೆ ಮುಕ್ಕಾಲು ಪಾಲು ಆತಂಕ ಹುಟ್ಟುವುದೇ ಇಲ್ಲ.

ಮೌಲ್ಯಮಾಪನ ಮತ್ತು ಪರಿಷ್ಕರಣೆ

ಮಗು ತಲುಪಿದ ತೀರ್ಮಾನಕ್ಕೆ ಅಂಕ ಕೊಡಕೂಡದು. ಗಮನಿಸಬೇಕಾದದ್ದು ನಡೆಯನ್ನು: ಕಾರಣ ಕೊಡುತ್ತದೆಯೇ, ಉದಾಹರಣೆಯನ್ನೂ ಪ್ರತ್ಯುದಾಹರಣೆಯನ್ನೂ ಹುಡುಕುತ್ತದೆಯೇ, ತಾನು ಒಪ್ಪದ ಮಾತನ್ನು ಹೇಳಿದವನು ಮೆಚ್ಚುವಂತೆ ಮರಳಿ ಹೇಳಬಲ್ಲದೇ, ಕಾರಣ ಕಂಡಾಗ ಮನಸ್ಸು ಬದಲಿಸುತ್ತದೆಯೇ. ಪ್ರತಿ ಅವಧಿಯಲ್ಲಿ ಎಲ್ಲ ಮಕ್ಕಳನ್ನೂ ಗಮನಿಸಲು ಹೊರಟರೆ ಯಾರನ್ನೂ ಗಮನಿಸಿದಂತಾಗುವುದಿಲ್ಲ. ಸಲಕ್ಕೆ ಐವರನ್ನು ಆರಿಸಿಕೊಂಡು ಒಂದೆರಡು ವಾಕ್ಯ ಬರೆದಿಟ್ಟುಕೊಳ್ಳಬೇಕು. ಮೊದಲ ಮತ್ತು ಕೊನೆಯ ಧ್ವನಿಮುದ್ರಣಗಳ ನಡುವಿನ ಅಂತರವೇ ಇದಕ್ಕೆ ಅತ್ಯುತ್ತಮ ಪುರಾವೆ, ಆದ್ದರಿಂದ ಟಿಪ್ಪಣಿ ಬರೆದುಕೊಂಡ ಮೇಲೆಯೇ ಅಳಿಸಬೇಕು.

ಇದರಿಂದ ಇತರ ವಿಷಯಗಳಲ್ಲಿ ಅಂಕ ಹೆಚ್ಚುತ್ತದೆಂದು ಆಡಳಿತ ಮಂಡಳಿಗೆ ಭರವಸೆ ಕೊಡುವ ಮೋಹವನ್ನು ಗೆಲ್ಲಬೇಕು. ಇಂಗ್ಲೆಂಡಿನ ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್ 48 ಶಾಲೆಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಥ ಸಂವಾದಗಳಲ್ಲಿ ಭಾಗವಹಿಸಿದ ಮಕ್ಕಳು ಓದು ಮತ್ತು ಗಣಿತದಲ್ಲಿ ಸುಮಾರು ಎರಡು ತಿಂಗಳಷ್ಟು ಮುಂದಿದ್ದರು. ಅದೇ ಸಂಸ್ಥೆಯ ಅನಂತರದ ಹೆಚ್ಚು ದೊಡ್ಡ ಪ್ರಯೋಗದಲ್ಲಿ ಓದಿನಲ್ಲಿ ಅಂಥ ಲಾಭ ಕಾಣಿಸಲಿಲ್ಲ. ಸಕಾರಣವಾಗಿ ಮಾತನಾಡುವುದೂ ಇನ್ನೊಬ್ಬರ ಮಾತಿಗೆ ಕಿವಿಗೊಡುವುದೂ ತಮಗಾಗಿಯೇ ಬೆಲೆಯುಳ್ಳ ಕಲಿಕೆಗಳು ಎಂಬ ಆಧಾರದ ಮೇಲೆಯೇ ಈ ಪಠ್ಯಕ್ರಮವನ್ನು ಮಂಡಿಸಬೇಕು, ಮತ್ತು ಹಾಗೆ ಮಂಡಿಸಲು ಹಿಂಜರಿಯಬೇಕಾಗಿಲ್ಲ.

ಮೊದಲ ವರ್ಷ ಒಂದೇ ತರಗತಿಯಲ್ಲಿ, ಇಬ್ಬರು ಶಿಕ್ಷಕರೊಂದಿಗೆ ಆರಂಭಿಸುವುದು ಒಳ್ಳೆಯದು. ಒಬ್ಬರು ಸಂವಾದ ನಡೆಸುವಾಗ ಇನ್ನೊಬ್ಬರು, ಶಿಕ್ಷಕರು ಎಷ್ಟು ಹೊತ್ತು ಮಾತನಾಡಿದರು, ಮಕ್ಕಳು ಎಷ್ಟು ಹೊತ್ತು ಮಾತನಾಡಿದರು ಎಂಬುದನ್ನು ಬರೆದುಕೊಳ್ಳಲಿ. ತರಗತಿಯ ಮೂಲೆಯಲ್ಲಿ ಒಂದು ಪ್ರಶ್ನೆಪೆಟ್ಟಿಗೆ ಇರಲಿ. ಅರ್ಧವರ್ಷ ಮುಗಿದಾಗ ಇಬ್ಬರೂ ಕೂತು, ಚರ್ಚೆಯನ್ನು ಹೊತ್ತಿಸಿದ ಪ್ರಶ್ನೆಗಳನ್ನು ಉಳಿಸಿ, ಬೇಗ ಆರಿಹೋದವನ್ನು ತಿದ್ದಿ ಅಥವಾ ತೆಗೆದು, ಮುಂದಿನ ಅರ್ಧವರ್ಷದ ಘಟಕಗಳಲ್ಲಿ ಮೂರರಲ್ಲೊಂದನ್ನಾದರೂ ಆ ಪೆಟ್ಟಿಗೆಯಿಂದಲೇ ಆರಿಸಿಕೊಳ್ಳಬೇಕು.